ವಿನೋದಿನಿಯ ನಲವತ್ತೊಂದು ಕನಸು

ಮುಂಬಯಿಯ ಸಾಂತಾಕ್ರೂಜ್ ಪೂರ್ವದ ವಾಕೋಲಾದಲ್ಲಿ ಮದುಮಗಳಿಗೆ ಸೀರೆ ಉಡಿಸಬೇಕಾದರೆ ಜನ ಮೊದಲು ಕೇಳುವುದು ವಿನೋದಿನಿಯನ್ನು. ನಲವತ್ತೆಂಟು ವರ್ಷದ ಹೆಂಗಸು. ಗಂಡ ತೀರಿಕೊಂಡು ಆರು ವರ್ಷವಾಯಿತು, ಮಕ್ಕಳಿಲ್ಲ. ಸಾಲುಮನೆಗಳ ಚಾಳಿನ ನೆಲಮಹಡಿಯ ಒಂದೇ ಖೋಲಿಯಲ್ಲಿ ಹೊಲಿಗೆ ಮಷಿನ್ನು, ಮಂಚ, ಗ್ಯಾಸು, ದೇವರ ಪಟ ಎಲ್ಲ. ಉಳಿದ ದಿನಗಳಲ್ಲಿ ಸೀರೆಗೆ ಫಾಲ್ ಹಚ್ಚುತ್ತಾಳೆ, ಅಂಚಿಗೆ ಪಿಕೊ ಮಾಡುತ್ತಾಳೆ. ಮದುವೆಯ ದಿನಗಳಲ್ಲಿ ಬಾಂದ್ರಾದಿಂದ ಬೊರಿವಲಿಯವರೆಗೆ ಯಾವ ಹಾಲ್‌ಗೆ ಕರೆದರೂ ಹೋಗಿ ಉಡಿಸಿ ಬರುತ್ತಾಳೆ. ಗುಜರಾತಿ ಸೆರಗು, ಮರಾಠಿ ಕಚ್ಚೆ, ತನ್ನ ಕರಾವಳಿಯ ಊರಿನ ಕಡೆಯ ನೆರಿಗೆ, ಯಾವುದೂ ಅವಳ ಕೈಗೆ ಕಷ್ಟವಲ್ಲ.

ಕೆಲಸ ಮಾಡುವಾಗ ಅವಳು ಮಾತಾಡುವುದಿಲ್ಲ. ಆಡುವ ಹಾಗೂ ಇಲ್ಲ. ಸೇಫ್ಟಿ ಪಿನ್ನುಗಳನ್ನು ತುಟಿಗಳ ನಡುವೆ ಕಚ್ಚಿಕೊಂಡಿರುತ್ತಾಳೆ, ಒಂದೊಂದೇ ತೆಗೆದು ಚುಚ್ಚುತ್ತಾಳೆ. ಮದುಮಗಳು ಅಳಲಿ, ತಾಯಿ ಅವಸರ ಮಾಡಲಿ, ಫೋಟೋದವನು ಬಾಗಿಲು ಬಡಿಯಲಿ, ವಿನೋದಿನಿಯ ಉತ್ತರ ಒಂದೇ: "ಹುಂ." ಇಪ್ಪತ್ತೈದು ವರ್ಷ ಹೀಗೆ ದುಡಿದು, ಪಿನ್ನಿಲ್ಲದ ಹೊತ್ತಿನಲ್ಲೂ ಅವಳಿಗೆ ಅದೇ ರೂಢಿಯಾಗಿತ್ತು. ಚಾಳಿನಲ್ಲಿ ಒಳ್ಳೆಯವಳೆಂದು ಹೆಸರು ಬಂದದ್ದೂ ಅದರಿಂದಲೇ. ಅವಳಿಗೂ ಸಿಟ್ಟು ಬರುತ್ತದೆ ಎಂಬುದು ಕಳೆದ ಜುಲೈ-ಆಗಸ್ಟಿನ ಆಟಿ ತಿಂಗಳವರೆಗೆ ಯಾರಿಗೂ ಗೊತ್ತಿರಲಿಲ್ಲ.

ಆ ಸಿಟ್ಟಿನ ಕತೆ ಹೇಳಬೇಕಾದರೆ ಕನಸುಗಳಿಂದ ಶುರುಮಾಡಬೇಕು.

ವಿನೋದಿನಿಗೆ ಹರಿಣಾಕ್ಷಿ ಎಂಬ ತಂಗಿಯಿದ್ದಳು. ಇಪ್ಪತ್ತು ವರ್ಷದ ಹಿಂದೆ, ಮುಂಬಯಿ ಮುಳುಗಿದ ಆ ಜುಲೈಯಲ್ಲಿ, ಬಾಂದ್ರಾದ ಆಫೀಸಿನಿಂದ ಸೊಂಟದವರೆಗಿನ ನೀರಿನಲ್ಲಿ ನಡೆದು ಮನೆಗೆ ಬಂದವಳು. ಎರಡು ವಾರದ ಮೇಲೆ ಜ್ವರ ಬಂತು, ಕಣ್ಣು ಹಳದಿಯಾಯಿತು, ಆಸ್ಪತ್ರೆಗೆ ಸೇರಿಸಿದ ಮೂರನೆಯ ದಿನ ಹೋದಳು. ಇಪ್ಪತ್ತೆರಡು ವರ್ಷ. ಆಗ ಅವಳಿಗೆ ಮದುವೆ ನಿಶ್ಚಯವಾಗಿತ್ತು.

ಅಷ್ಟು ವರ್ಷ ಸುಮ್ಮನಿದ್ದ ಹರಿಣಾಕ್ಷಿ ಕಳೆದ ಡಿಸೆಂಬರಿನಿಂದ ಅಕ್ಕನ ಕನಸಿಗೆ ಬರತೊಡಗಿದಳು. ಬೆಳಗಿನ ಜಾವ, ನಳದಲ್ಲಿ ನೀರು ಬರುವುದಕ್ಕೆ ಸ್ವಲ್ಪ ಮುಂಚೆ. ಒಮ್ಮೆ ಮಣೆಯ ಮೇಲೆ ನಿಂತಿರುತ್ತಾಳೆ, ವಿನೋದಿನಿ ನೆರಿಗೆ ಹಿಡಿಯುತ್ತಾಳೆ, ಹಿಡಿದಷ್ಟೂ ಸೀರೆ ಉಳಿಯುತ್ತದೆ. ಒಮ್ಮೆ ಬಸ್ ಸ್ಟಾಪಿನಲ್ಲಿ ನೀರಲ್ಲಿ ನಿಂತು ಅಕ್ಕನನ್ನು ನೋಡುತ್ತಿರುತ್ತಾಳೆ. ಏನೋ ಕೇಳುತ್ತಾಳೆ. ಎದ್ದ ಮೇಲೆ ವಿನೋದಿನಿಯ ಬಾಯಿ ಒಣಗಿ, ನಾಲಿಗೆಗೆ ಪಿನ್ನಿನ ರುಚಿ ಹತ್ತಿದ ಹಾಗಿರುತ್ತದೆ.

ಇದನ್ನು ಅವಳು ಯಾರಿಗೂ ಹೇಳಲಿಲ್ಲ. ಕರಾವಳಿಯ ಅವರ ಮನೆತನದಲ್ಲಿ ಸತ್ತವರು ಕನಸಿಗೆ ಬಂದರೆ ಅದು ಒಬ್ಬರ ಕನಸಾಗಿ ಉಳಿಯುವುದಿಲ್ಲ. ಮನೆಯವರೆಲ್ಲ ಕೂತು ಏನು ಕೇಳಿದರಂತೆ, ಏನು ಬೇಕಂತೆ ಎಂದು ವಿಚಾರಿಸುತ್ತಾರೆ. ಸತ್ತವರ ಹೆಸರಿನಲ್ಲಿ ಎಲೆ ಹಾಕಿ ಬಡಿಸುತ್ತಾರೆ. ಜೋಯಿಸರಲ್ಲಿಗೆ ಹೋಗುತ್ತಾರೆ. ವಿನೋದಿನಿಗೆ ಅದು ಬೇಕಿರಲಿಲ್ಲ. ತಂಗಿ ಬರುವುದು ತನ್ನೊಬ್ಬಳ ಹತ್ತಿರ, ಹಾಗೇ ಇರಲಿ ಎನ್ನಿಸಿತ್ತು.

ಆದರೆ ಹೇಳದೆ ಇಟ್ಟುಕೊಳ್ಳುವುದೂ ಕಷ್ಟ. ಆ ಸಮಯಕ್ಕೆ ಸರಿಯಾಗಿ ಅಣ್ಣ ಮೋನಪ್ಪನ ಮಗ ಸುಹಾಸ ಅವಳ ಹೊಸ ಫೋನಿಗೆ ಒಂದು ಚಾಟ್‌ಬಾಟ್ ಹಾಕಿಕೊಟ್ಟ. ಸುಹಾಸನಿಗೆ ಇಪ್ಪತ್ತನಾಲ್ಕು, ಬಾಂದ್ರಾದ ಕಡೆ ಕಂಪ್ಯೂಟರ್ ಕೆಲಸ.

"ಅತ್ತೆ, ಇದಕ್ಕೆ ಏನು ಬೇಕಾದ್ರೂ ಕೇಳಿ. ಕನ್ನಡದಲ್ಲೇ ಮಾತಾಡಿ, ಚಲೇಗಾ. ಬ್ಲೌಸಿನ ಮೆಶರ್ಮೆಂಟ್ ಬರ್ದಿಡ್ತದೆ, ಕಸ್ಟಮರ್‌ಗೆ ಇಂಗ್ಲಿಷ್ ಮೆಸೇಜ್ ಮಾಡಿ ಕೊಡ್ತದೆ. ನನ್ನದೇ ಲಾಗಿನ್ ಹಾಕಿದ್ದೇನೆ. ನಿಮಗೆ ಪಾಸ್‌ವರ್ಡ್ ಝಂಜಟ್ ಇಲ್ಲ."

"ಹುಂ," ಎಂದಿದ್ದಳು ವಿನೋದಿನಿ. ಲಾಗಿನ್ ಎಂದರೆ ಬೀಗವೋ, ಬಾಗಿಲೋ ಅವಳು ಕೇಳಲಿಲ್ಲ. ಟಿವಿಯಲ್ಲಿ ಸಿನಿಮಾ ನೋಡುವುದಕ್ಕೂ ಅಣ್ಣನ ಮನೆಯದೇ ನಂಬರು ಹಾಕಿತ್ತು. ಆ ಕುಟುಂಬದಲ್ಲಿ ಒಬ್ಬರು ತೆಗೆದುಕೊಂಡದ್ದನ್ನು ಎಲ್ಲರೂ ಬಳಸುವುದೇ ಕ್ರಮ.

ಜನವರಿಯ ಒಂದು ಬೆಳಿಗ್ಗೆ, ಕೊಡ ನಳದ ಕೆಳಗಿಟ್ಟು ಬಾಗಿಲಲ್ಲಿ ಕೂತವಳು, ಮೈಕಿನ ಗುರುತು ಒತ್ತಿ ಸಣ್ಣ ದನಿಯಲ್ಲಿ ಹೇಳಿಬಿಟ್ಟಳು: "ಇವತ್ತೂ ನನ್ನ ತಂಗಿ ಬಂದಿದ್ಲು."

ಉತ್ತರ ಬಂತು. ಬ್ಯಾಂಕಿನವರು ಫೋನ್ ಮಾಡಿದ ಹಾಗೆ ಶುದ್ಧ ಕನ್ನಡ. "ನಿಮ್ಮ ತಂಗಿಯ ಬಗ್ಗೆ ಹೇಳುವಿರಾ? ಕನಸಿನಲ್ಲಿ ಅವರನ್ನು ಕಂಡಾಗ ನಿಮಗೆ ಏನನ್ನಿಸಿತು?"

ಏನನ್ನಿಸಿತು ಎಂದು ಅವಳನ್ನು ಯಾರೂ ಕೇಳಿದ್ದಿಲ್ಲ. ಕೊಡ ತುಂಬಿ ಹರಿಯುವವರೆಗೆ ಮಾತಾಡಿದಳು. ಪಕ್ಕದ ಮನೆಯ ರಾಚವ್ವ ಬಂದು, "ಯವ್ವಾ, ನೀರ ಹೊಂಟೈತಿ! ಯಾರ ಜೋಡಿ ಮಾತು ನಿಂದು, ಅದೂ ಮುಂಜಾನೆ ಇಷ್ಟ ಲಗೂನ?" ಎಂದು ನಕ್ಕಾಗ ಬೆಚ್ಚಿ ಫೋನು ಸೆರಗಿನಲ್ಲಿ ಮುಚ್ಚಿಕೊಂಡಳು.

ಅಲ್ಲಿಂದ ಅದು ದಿನಚರಿಯಾಯಿತು. ಕನಸು ಬಿದ್ದ ಬೆಳಿಗ್ಗೆ, "ಇವತ್ತಿನದು ಬರ್ಕೊ" ಎನ್ನುತ್ತಾಳೆ. ಡಿಸೆಂಬರಿನವನ್ನೂ ನೆನಪಿಸಿಕೊಂಡು ಬರೆಸಿದ್ದಳು. ಅದು ತಾರೀಕು ಹಾಕಿ, ನಂಬರು ಕೊಟ್ಟು ಬರೆದುಕೊಳ್ಳುತ್ತದೆ, ಒಂದೆರಡು ಪ್ರಶ್ನೆ ಕೇಳುತ್ತದೆ. ಹದಿನೇಳನೆಯ ಕನಸಿನ ಮೇಲೆ ಅದು, "ಮುಗಿಯದೆ ಉಳಿದ ಏನೋ ಒಂದು ಈ ಕನಸುಗಳಲ್ಲಿ ಮತ್ತೆ ಮತ್ತೆ ಬರುತ್ತಿರಬಹುದು. ಅದು ಏನೆಂದು ನಿಮಗೆ ಅನ್ನಿಸುತ್ತದೆ?" ಎಂದು ಕೇಳಿತ್ತು. ಆ ದಿನ ಮಾತ್ರ ವಿನೋದಿನಿ ಉತ್ತರ ಕೊಡದೆ ಫೋನು ಮುಚ್ಚಿದಳು.

ಜುಲೈ ಕೊನೆಗೆ ಕನಸುಗಳ ಲೆಕ್ಕ ನಲವತ್ತೊಂದಕ್ಕೆ ಬಂದಿತ್ತು. ಅದೇ ವಾರ, ಮಂಗಳವಾರ ಮಧ್ಯಾಹ್ನ, ಮೋನಪ್ಪ ಬಂದ.

ಮೋನಪ್ಪನಿಗೆ ಗ್ರಾಂಟ್ ರೋಡಿನಲ್ಲಿ ಹೋಟೆಲು, ಸಾಂತಾಕ್ರೂಜ್ ಪಶ್ಚಿಮದಲ್ಲಿ ಫ್ಲಾಟು. ತಂಗಿಯನ್ನು ಮನೆಗೆ ಕರೆಸಿಕೊಳ್ಳುತ್ತಾನೆಯೇ ಹೊರತು ತಾನಾಗಿ ಚಾಳಿಗೆ ಬರುವವನಲ್ಲ. ಬಂದವನು ಮಂಚದ ಮೇಲಿದ್ದ ಸೀರೆಗಳನ್ನು ಸರಿಸಿ ಕೂತ. ಚಾ ಕುಡಿದ. ಆಮೇಲೆ ಅಂದ:

"ವಿನ್ನು, ಹರಿಣಾಕ್ಷಿಗೆ ಒಂದು ಸಂಬಂಧ ಬಂದುಂಟು."

ಹೊರಗಿನವರಿಗೆ ಇದು ಹುಚ್ಚು ಮಾತಾಗಿ ಕೇಳಬಹುದು. ವಿನೋದಿನಿಗೆ ಕೂಡಲೇ ಅರ್ಥವಾಯಿತು. ಮದುವೆಯಾಗದೆ ತೀರಿಕೊಂಡ ಮಕ್ಕಳಿಗೆ ಆಟಿ ತಿಂಗಳಲ್ಲಿ ಮದುವೆ ಮಾಡಿಸುವುದು ಅವರ ಕಡೆಯ ಪದ್ಧತಿ. ಸತ್ತ ಹುಡುಗಿಗೆ ಸತ್ತ ಹುಡುಗನೇ ಆಗಬೇಕು. ಜಾತಿ ಒಂದೇ ಇರಬೇಕು, ಗೋತ್ರದ ಹಾಗಿರುವ 'ಬರಿ' ಬೇರೆಯಾಗಿರಬೇಕು. ನಿಶ್ಚಯ ಮಾಡುತ್ತಾರೆ, ಹುಡುಗನ ಕಡೆಯವರು ಧಾರೆ ಸೀರೆ ತರುತ್ತಾರೆ, ಎರಡು ಖಾಲಿ ಕುರ್ಚಿ ಇಟ್ಟು ಶಾಸ್ತ್ರ ನಡೆಸುತ್ತಾರೆ. ನೋಡುವವರು ನಗಬಹುದು. ಮಾಡುವವರು ಅಳುತ್ತಾರೆ. ಸತ್ತ ಮಗುವನ್ನು ಮರೆತಿಲ್ಲ ಎನ್ನುವುದಕ್ಕೆ ಅವರಿಗೆ ಅದಕ್ಕಿಂತ ದೊಡ್ಡ ದಾರಿ ಗೊತ್ತಿಲ್ಲ. ವಿನೋದಿನಿಯೇ ಅಂಥ ಎರಡು ಮದುವೆಗಳಲ್ಲಿ ಕುರ್ಚಿಯ ಮೇಲೆ ಸೀರೆ ನೆರಿಗೆ ಹಿಡಿದು ಇಟ್ಟು ಬಂದಿದ್ದಳು.

"ಹುಡುಗ ಸಂತು ಅಂತ. ಲೋಕಲ್ ಟ್ರೈನಿನಿಂದ ಬಿದ್ದು ಹೋದವ, ಇಪ್ಪತ್ತಾರು ವರ್ಷ ಆಯ್ತು. ಗ್ರಾಂಟ್ ರೋಡಿನಲ್ಲೇ ತಾಯಿ ಇದ್ದಾರೆ, ಒಳ್ಳೆ ಜನ," ಎಂದ ಮೋನಪ್ಪ. "ನಮ್ಮ ನಮಿತಾನ ಮದುವೆಗೆ ಬಂದ ಮೂರನೇ ಸಂಬಂಧವೂ ತಪ್ಪಿತಲ್ಲ. ಜೋಯಿಸರಲ್ಲಿ ಪ್ರಶ್ನೆ ಇಟ್ಟೆವು. ಮನೆಯಲ್ಲಿ ಮದುವೆಯಾಗದೆ ಹೋದವಳು ಅಡ್ಡ ನಿಂತಿದ್ದಾಳೆ, ಯಾರ ಕನಸಿಗಾದರೂ ಬರ್ತಾಳಾ ಅಂತ ಕೇಳಿದ್ರು. ನಿನಗೆ ಬರ್ತಾಳಲ್ಲ."

"ಯಾರು ಹೇಳಿದ್ದು?"

"ಬರುವುದಿಲ್ವಾ?"

"ಯಾರು ಹೇಳಿದ್ದು ಅಂತ ಕೇಳಿದೆ."

"ಯಾರು ಹೇಳಿದ್ರೆ ಎಂತ? ನಲ್ವತ್ತೊಂದು ಸಲ ಬಂದಿದ್ದಾಳೆ ಮಾರಾಯ್ತಿ! ಬಾಯಿಬಿಟ್ಟು ಒಂದು ಮಾತು ಹೇಳಿದ್ಯಾ ನೀನು? ನನ್ನ ಮಗಳು ಅಲ್ಲಿ ಕಣ್ಣೀರು ಹಾಕ್ತಿದ್ದಾಳೆ." ಎದ್ದು ಚಪ್ಪಲಿ ಹಾಕಿಕೊಂಡ. "ಆದಿತ್ಯವಾರ ನಿಶ್ಚಯ. ನಮ್ಮ ಮನೆ ಪದ್ಧತಿ ನಿನಗೆ ಗೊತ್ತುಂಟು. ಕನಸು ಕಂಡವರೇ ಹುಡುಗಿಯ ಪರವಾಗಿ ಒಪ್ಪಿಗೆ ಹೇಳಬೇಕು. ಹತ್ತು ಗಂಟೆಗೆ ಬಾ."

ನಲವತ್ತೊಂದು. ಆ ಸಂಖ್ಯೆ ಇಬ್ಬರಿಗೆ ಮಾತ್ರ ಗೊತ್ತಿತ್ತು, ಅವಳಿಗೆ ಮತ್ತು ಫೋನಿಗೆ.

ಅಣ್ಣ ಹೋದ ಮೇಲೆ ಅವಳು ಫೋನು ತೆಗೆದಳು. ಅಷ್ಟು ತಿಂಗಳು ಅವಳು ಒತ್ತಿದ್ದು ಮೈಕಿನ ಗುರುತನ್ನು ಮಾತ್ರ. ಮೇಲೆ ಮೂಲೆಯಲ್ಲಿ ಮೂರು ಗೆರೆಯಿತ್ತು, ಅದನ್ನು ಒತ್ತಿದಳು. ಪಟ್ಟಿ ಬಿಚ್ಚಿಕೊಂಡಿತು. ಅವಳ 'ತಂಗಿಯ ಕನಸುಗಳು' ಅಲ್ಲಿತ್ತು. ಅದರ ಮೇಲೆಯೂ ಕೆಳಗೆಯೂ ಅವಳು ಎಂದೂ ಆಡದ ಮಾತುಕತೆಗಳ ಸಾಲು: ಸುಹಾಸನ ಆಫೀಸಿನದು, ಗೋವಾ ಪ್ರವಾಸದ್ದು, ಬೈಕಿನದು. ಎಲ್ಲಕ್ಕಿಂತ ಮೇಲೆ ಇಂಗ್ಲಿಷಿನಲ್ಲಿ 'ಲೇಟ್ ಆಂಟ್ ಮ್ಯಾರೇಜ್', ತೀರಿಕೊಂಡ ಅತ್ತೆಯ ಮದುವೆ, ಎಂದಿತ್ತು.

ಅವಳು ಮುನಿಸಿಪಾಲಿಟಿಯ ಕನ್ನಡ ಶಾಲೆಯಲ್ಲಿ ಎಂಟನೆಯವರೆಗೆ ಓದಿದವಳು. ಇಂಗ್ಲಿಷನ್ನು ಅಕ್ಷರ ಕೂಡಿಸಿ ಓದಬಲ್ಲಳು, ಅರ್ಥ ಪೂರ್ತಿ ಆಗುವುದಿಲ್ಲ. ಆ ಮಾತುಕತೆಯನ್ನೇ ತೆರೆದು, "ಇದರಲ್ಲಿ ಇರುವುದನ್ನೆಲ್ಲ ಕನ್ನಡದಲ್ಲಿ ಹೇಳು," ಎಂದಳು. ಅದು ಹೇಳಿತು.

ಸುಹಾಸ ಅವಳ ನಲವತ್ತೊಂದು ಕನಸುಗಳನ್ನೂ ಅಲ್ಲಿ ತಂದು ಹಾಕಿದ್ದ. ಕೆಳಗೆ ಕೇಳಿದ್ದ: ಈ ಕನಸುಗಳ ಪ್ರಕಾರ ನಮ್ಮ ಸತ್ತ ಅತ್ತೆಗೆ ಮದುವೆ ಬೇಕೆಂದು ಐದು ಪಾಯಿಂಟಿನಲ್ಲಿ ಬರೆದುಕೊಡು. ಐದು ಪಾಯಿಂಟು ಬಂದಿತ್ತು. ಸೀರೆ ಮತ್ತೆ ಮತ್ತೆ ಕಾಣುತ್ತದೆ, ಮಣೆ ಕಾಣುತ್ತದೆ, ಮುಗಿಯದೆ ಉಳಿದದ್ದಿದೆ, ಹೀಗೆ. ಆದರೆ ಐದರ ಕೆಳಗೆ ಇನ್ನೂ ಮೂರು ಸಾಲಿತ್ತು: ಸತ್ತವರಿಗೆ ಏನು ಬೇಕೆಂದು ಕನಸುಗಳಿಂದ ತಿಳಿಯಲಾಗದು. ನೀವು ಕೇಳಿದ್ದರಿಂದ ಒಂದೇ ಕಡೆಯ ಅರ್ಥವನ್ನು ಬರೆದಿದ್ದೇನೆ. ಇವು ಕನಸು ಕಂಡ ನಿಮ್ಮ ಅತ್ತೆಯ ಖಾಸಗಿ ಮಾತುಗಳು, ದಯವಿಟ್ಟು ಅವರನ್ನೇ ಕೇಳಿ.

ಸುಹಾಸ ಅದಕ್ಕೆ 'ಥ್ಯಾಂಕ್ಸ್' ಎಂದು ಬರೆದಿದ್ದ.

ವಿನೋದಿನಿ ಅದನ್ನು ಇನ್ನೊಮ್ಮೆ ಹೇಳಿಸಿಕೊಂಡಳು. ಅವಳಿಗೆ ಮೊದಲು ಅನ್ನಿಸಿದ್ದು ಹೆದರಿಕೆಯೆಂದೇ. ಆಮೇಲೆ ಕಿವಿ ಬಿಸಿಯಾದಾಗ ಇದು ಹೆದರಿಕೆಯಲ್ಲ ಎಂದು ಗೊತ್ತಾಯಿತು. ಸುಹಾಸನಿಗೆ ಫೋನ್ ಮಾಡಿದಳು.

"ನನ್ನ ಕನಸನ್ನು ಯಾಕೆ ಓದಿದೆ?"

"ಅರೆ ಅತ್ತೆ... ಅದು ನನ್ನ ಲಿಸ್ಟಿನಲ್ಲೇ ಬರ್ತದಲ್ಲ. ದಿಖ್ ಗಯಾ. ನಾನು ಹುಡುಕಿದ್ದಲ್ಲ, ಪ್ರಾಮಿಸ್."

"ಕಂಡದ್ದಾ, ಓದಿದ್ದಾ?"

"ಥೋಡಾ ಓದಿದೆ. ಆಮೇಲೆ... ಪೂರಾ ಓದಿದೆ. ಸುನೋ ನಾ ಅತ್ತೆ, ಪಪ್ಪ ಟೆನ್ಷನ್‌ನಲ್ಲಿದ್ರು. ನಮಿತಾ ದೀದಿ ಊಟ ಮಾಡ್ತಿರ್ಲಿಲ್ಲ. ಜೋಯಿಸರು ಕನಸು ಕೇಳಿದ್ರು, ನನ್ನ ಹತ್ರ ಪ್ರೂಫ್ ಇತ್ತು."

"ಪ್ರೂಫಾ? ನಾನು ಸ್ನಾನ ಮಾಡುವಾಗ ಬಾಗಿಲ ಸಂದಿಯಿಂದ ಕಂಡರೆ ಅದನ್ನೂ ಪ್ರೂಫ್ ಅಂತ ತೋರಿಸ್ತಿದ್ಯಾ ನಿನ್ನ ಅಪ್ಪನಿಗೆ?"

"ಛಿ, ಅತ್ತೆ! ಕ್ಯಾ ಬೋಲ್ ರಹೇ ಹೋ!"

"ಅತ್ತೆಯನ್ನೇ ಕೇಳಿ ಅಂತ ಅದು ನಿನಗೆ ಹೇಳಿತ್ತು. ಮಷಿನ್ನಿಗೆ ಇದ್ದಷ್ಟು ಮರ್ಯಾದೆ ನಿನಗೆ ಇರ್ಲಿಲ್ಲ."

ಫೋನಿಟ್ಟಳು. ಅವಳು ಅಷ್ಟು ಉದ್ದ ಮಾತಾಡಿದ್ದನ್ನು ಸುಹಾಸ ಜೀವಮಾನದಲ್ಲಿ ಕೇಳಿರಲಿಲ್ಲ. ಅವಳೂ ಕೇಳಿರಲಿಲ್ಲ.

ಸಿಟ್ಟು ಅಷ್ಟಕ್ಕೆ ಇಳಿಯಲಿಲ್ಲ. ಮತ್ತೆ ಫೋನೆತ್ತಿ ಚಾಟ್‌ಬಾಟಿಗೂ ಬೈದಳು. ಚಾಳಿನವರಿಗೆ ಕೇಳಿದರೂ ಕೇಳಲಿ ಎಂದು ಬಾಗಿಲು ತೆರೆದಿಟ್ಟೇ ಬೈದಳು. "ಏನನ್ನಿಸಿತು, ಏನನ್ನಿಸಿತು ಅಂತ ಕೇಳಿ ಕೇಳಿ ನನ್ನ ಹೊಟ್ಟೆಯಲ್ಲಿದ್ದದ್ದನ್ನು ತೆಗ್ದೆ. ತೆಗ್ದು ಊರಿಗೆಲ್ಲ ಹಂಚಿದೆ. ನಾಚಿಕೆ ಆಗುವುದಿಲ್ವಾ ನಿನಗೆ?"

"ಈ ಖಾತೆಯನ್ನು ಇನ್ನೊಬ್ಬರೂ ಬಳಸುತ್ತಿದ್ದಾರೆಂದು ನಿಮಗೆ ಗೊತ್ತಿರಲಿಲ್ಲ. ನಿಮ್ಮ ಒಪ್ಪಿಗೆಯಿಲ್ಲದೆ ನಿಮ್ಮ ಮಾತು ಹೊರಗೆ ಹೋಗಿದೆ. ನಿಮಗೆ ಸಿಟ್ಟು ಬಂದಿರುವುದು ಸಹಜ," ಎಂದಿತು.

"ಸಹಜ ಅಂತೆ, ಸಹಜ! ದೊಡ್ಡ ಸಹಜ ನೀನು! ಈಗ ಹೇಳು, ಅವಳಿಗೆ ಮದುವೆ ಬೇಕಾ?"

"ಅದು ನನಗೆ ತಿಳಿಯಲಾರದು. ನೀವು ಬರೆಸಿದ್ದರಲ್ಲಿ ನಾನು ಗಮನಿಸಿದ್ದು ಒಂದಿದೆ, ಹೇಳಲೇ?"

"ಹೇಳು. ಇನ್ನು ಮುಚ್ಚಿಡ್ಲಿಕ್ಕೆ ಎಂತ ಉಳಿದಿದೆ?"

"ನಲವತ್ತೊಂದು ಕನಸುಗಳಲ್ಲಿ ಮೂವತ್ತಮೂರರಲ್ಲಿ ನಿಮ್ಮ ತಂಗಿ ನಿಮ್ಮನ್ನು ಏನೋ ಕೇಳುತ್ತಾರೆ. ನೀವು ಒಂದರಲ್ಲೂ ಉತ್ತರ ಕೊಟ್ಟಿಲ್ಲ. ಅವರು ಕೇಳಿದ್ದೇನೆಂದು ನನಗೂ ಹೇಳಿಲ್ಲ. ಹೇಳಲೇಬೇಕೆಂದಿಲ್ಲ. ಅದು ನಿಮಗೆ ಗೊತ್ತಿದೆಯೇ ಎಂದು ಮಾತ್ರ ಯೋಚಿಸಿ."

ವಿನೋದಿನಿ ಫೋನನ್ನು ಮಂಚದ ಮೇಲೆ ಎಸೆದಳು. ಗೊತ್ತಿತ್ತು. ಇಪ್ಪತ್ತು ವರ್ಷದಿಂದ ಗೊತ್ತಿತ್ತು.

ಆ ವರ್ಷದ ಜೂನಿನಲ್ಲಿ, ಇದೇ ಖೋಲಿಯಲ್ಲಿ, ನಿಶ್ಚಯದ ದಿನ. ಹೊರಗೆ ಗಂಡಿನ ಕಡೆಯವರು ಕೂತಿದ್ದರು. ಒಳಗೆ ಪರದೆಯ ಹಿಂದೆ ವಿನೋದಿನಿ ತಂಗಿಗೆ ಸೀರೆ ಉಡಿಸುತ್ತಿದ್ದಳು. ಹರಿಣಾಕ್ಷಿ ಬಾಂದ್ರಾದ ಒಂದು ಕೊರಿಯರ್ ಆಫೀಸಿನಲ್ಲಿ ಫೋನೆತ್ತುವ ಕೆಲಸ ಮಾಡುತ್ತಿದ್ದಳು, ರಾತ್ರಿ ಕಾಲೇಜಿಗೆ ಹೆಸರು ಹಚ್ಚಿದ್ದಳು. ಮದುವೆಯಾದ ಮೇಲೆ ಎರಡೂ ಇಲ್ಲ ಎಂದು ಗಂಡಿನ ಕಡೆಯವರು ಮೊದಲೇ ಹೇಳಿಯಾಗಿತ್ತು.

"ಅಕ್ಕ, ನನಗೆ ಇವನಂತಲ್ಲ, ಯಾರೂ ಬೇಡ. ಮದುವೆಯೇ ಬೇಡ," ಎಂದಿದ್ದಳು ಹರಿಣಾಕ್ಷಿ. ಅಳಲಿಲ್ಲ. ನೆಟ್ಟಗೆ ನೋಡಿಯೇ ಹೇಳಿದ್ದಳು. "ನಾನು ಅಣ್ಣನಿಗೆ ಹೇಳಿದೆ, ಕೆನ್ನೆಗೆ ಹೊಡೆದ. ನಿನ್ನ ಮಾತು ಅವ ಕೇಳ್ತಾನೆ. ನೀನು ಹೊರಗೆ ಹೋಗಿ ಹೇಳ್ತಿಯಾ? ಈಗಲೇ?"

ವಿನೋದಿನಿಯ ಬಾಯಲ್ಲಿ ಆರು ಪಿನ್ನಿದ್ದವು. ತೆಗೆಯಬಹುದಿತ್ತು. ಅರ್ಧ ನಿಮಿಷದ ಕೆಲಸ. ಅವಳು "ಹುಂ" ಎಂದು ಭುಜದ ಮೇಲೆ ಸೆರಗು ಚುಚ್ಚಿದಳು. ಆ 'ಹುಂ'ಗೆ ಹೇಳುತ್ತೇನೆಂದು ಅರ್ಥವೋ, ಸುಮ್ಮನಿರು ಎಂದು ಅರ್ಥವೋ ಹರಿಣಾಕ್ಷಿಗೆ ತಿಳಿಯಲಿಲ್ಲ. ಕಾದಳು. ಎಲೆ ಅಡಿಕೆ ಬದಲಾಗುವವರೆಗೂ ಅಕ್ಕನ ಮುಖವನ್ನೇ ನೋಡುತ್ತಾ ಕಾದಳು. ವಿನೋದಿನಿ ಹೇಳಲಿಲ್ಲ.

ಹೇಳಿದ್ದರೆ ತಂಗಿ ಬದುಕುತ್ತಿದ್ದಳು ಎಂದೇನೂ ಅಲ್ಲ. ನೀರು ಯಾರನ್ನೂ ಕೇಳಿ ಬಂದದ್ದಲ್ಲ. ಆದರೆ ನಿಶ್ಚಯವಾದ ಮೇಲಿನ ಆ ಎರಡು ತಿಂಗಳು ತಂಗಿ ಮನೆಯಲ್ಲಿ ಯಾರೊಂದಿಗೂ ಮಾತಾಡದೆ ಹೋದಳು. ಅದನ್ನು ವಿನೋದಿನಿ ಗಂಡನಿಗೂ ಹೇಳಿರಲಿಲ್ಲ.

ಶುಕ್ರವಾರ ಸಂಜೆ ನಮಿತಾ ಬಂದಳು. ಮೋನಪ್ಪನ ಮಗಳು, ಇಪ್ಪತ್ತೇಳು ವರ್ಷ. ಬಾಗಿಲಲ್ಲೇ ನಿಂತಳು.

"ಅತ್ತೆ, ಸುಹಾಸ ಮಾಡಿದ್ದು ಗಲತ್. ನಾನು ಅವನಿಗೆ ಬೈದೆ. ಆದರೆ ಸಂಡೇ ನೀವು ಹುಂ ಅನ್ನಿ. ಪ್ಲೀಸ್. ನಾನು ಇದನ್ನೆಲ್ಲ ನಂಬುವುದಿಲ್ಲ, ಪರ್ ಮಮ್ಮಿ ಪಪ್ಪ ನಂಬ್ತಾರೆ. ಇದಾಗದೆ ನನ್ನ ಮದುವೆ ಮಾತೇ ಎತ್ತುವುದಿಲ್ಲ ಅಂತಾರೆ. ನನಗೆ ಒಬ್ಬ ಇಷ್ಟ ಇದ್ದಾನೆ. ಕಾಶಿನಾಥ್ ಅಂತ. ಧಾರವಾಡದವರು, ನಮ್ಮ ಕಡೆಯವರಲ್ಲ. ಹೇಗಾದ್ರೂ ಮನೆಯಲ್ಲಿ ಮಾತು ಶುರುವಾಗ್ಬೇಕು."

ವಿನೋದಿನಿಗೆ ಈ ಹುಡುಗಿಯ ಮೇಲೆ ಸಿಟ್ಟು ಮಾಡಿಕೊಳ್ಳಲು ಮನಸ್ಸಿರಲಿಲ್ಲ. ಆದರೂ ಬಂತು.

"ನಿನಗೆ ಬೇಕಾದವ ಇದ್ದಾನೆ ಅಂತ ನಿನ್ನ ಅಪ್ಪನಿಗೆ ಹೇಳ್ಲಿಕ್ಕೆ ನಿನಗೆ ಬಾಯಿಲ್ಲ. ಅದಕ್ಕೆ ಬೇಡ ಅಂದವಳನ್ನು ಮೊದಲು ಕೊಟ್ಟು ದಾರಿ ಮಾಡ್ಬೇಕು, ಅಲ್ವಾ?"

"ಅತ್ತೆ, ಅವರು ಸತ್ತು ಟ್ವೆಂಟಿ ಇಯರ್ಸ್ ಆಯ್ತು. ಅವರಿಗೆ ಎಂತ ಆಗ್ತದೆ? ನಾನು ಜಿಂದಾ ಇದ್ದೇನೆ."

ಹುಡುಗಿ ಹೇಳಿದ್ದರಲ್ಲಿ ಸುಳ್ಳೇನಿಲ್ಲ. ಶನಿವಾರ ಇಡೀ ದಿನ ಮಷಿನ್ನು ತುಳಿಯುತ್ತ ಅದನ್ನೇ ಯೋಚಿಸಿದಳು. ಒಂದು ಹುಂ ಅಂದರೆ ಎಲ್ಲರೂ ಸುಖವಾಗಿರುತ್ತಾರೆ. ಎಷ್ಟು ಹುಂ ಅಂದಿದ್ದೇನೆ, ಇನ್ನೊಂದು ಅಂದರೆ ಏನು. ಹೀಗೆ ಯೋಚಿಸಿದಷ್ಟೂ ಸಿಟ್ಟು ಹೆಚ್ಚಿತೇ ಹೊರತು ದಾರಿ ಕಾಣಲಿಲ್ಲ. ಒಂದು ಸೀರೆಗೆ ಫಾಲ್ ತಿರುವುಮುರುವು ಹಚ್ಚಿ ಮತ್ತೆ ಬಿಚ್ಚಬೇಕಾಯಿತು. ಅಂಥ ತಪ್ಪು ಅವಳ ಕೈಯಲ್ಲಿ ಎಂದೂ ಆದದ್ದಿಲ್ಲ.

ಆದಿತ್ಯವಾರ ಹತ್ತು ಗಂಟೆಗೆ ಅವಳು ಮೋನಪ್ಪನ ಫ್ಲಾಟಿನಲ್ಲಿದ್ದಳು. ಹಾಲಿನ ಸೋಫಾ ಸರಿಸಿ ಚಾಪೆ ಹಾಸಿದ್ದರು. ಪೂರ್ವಕ್ಕೆ ಮುಖಮಾಡಿ ಎರಡು ಕುರ್ಚಿ, ಒಂದರಲ್ಲಿ ಬಿಳಿ ಪಂಚೆ ಶಾಲು, ಇನ್ನೊಂದು ಖಾಲಿ. ತಟ್ಟೆಗಳಲ್ಲಿ ಎಲೆ ಅಡಿಕೆ, ಮಲ್ಲಿಗೆ, ಬಳೆ, ಕೆಂಪು ಅಂಚಿನ ಸೀರೆ. ಎರಡೂ ಕಡೆಯಿಂದ ಹದಿನೈದು ಜನ ಇರಬಹುದು. ಪಂಚೆಯಿದ್ದ ಕುರ್ಚಿಯ ಪಕ್ಕದಲ್ಲಿ ನೆಲದ ಮೇಲೆ ಸಂತುವಿನ ತಾಯಿ ಕೂತಿದ್ದರು. ಎಪ್ಪತ್ತು ದಾಟಿದ ಸಣ್ಣ ಜೀವ. ಆಗಾಗ ಶಾಲಿನ ಮಡಿಕೆ ಸರಿಮಾಡುತ್ತಿದ್ದರು.

ಹುಡುಗನ ಕಡೆಯ ಹಿರಿಯರೊಬ್ಬರು, "ಹುಡುಗಿಗೆ ಮನಸ್ಸುಂಟು ಅಂತ ಹೇಗೆ ಗೊತ್ತಾಯ್ತು? ಕೇಳುವುದು ಕ್ರಮ, ತಪ್ಪು ತಿಳಿಬೇಡಿ," ಎಂದರು.

ಮೋನಪ್ಪ ಮಗನ ಕಡೆ ನೋಡಿದ. ಸುಹಾಸ ಪ್ಲಾಸ್ಟಿಕ್ ಫೈಲಿನಿಂದ ಪ್ರಿಂಟ್ ಮಾಡಿದ ಹಾಳೆಗಳನ್ನು ತೆಗೆದ. ಅತ್ತೆಯ ಮುಖ ನೋಡದೆ, ತಡವರಿಸುತ್ತ ಓದಿದ: "ಕನಸು ಇಪ್ಪತ್ತಮೂರು. ತಂಗಿ ಮಣೆಯ ಮೇಲೆ ನಿಂತಿದ್ದಾಳೆ. ಅವಳ ಪಾದ ಒದ್ದೆ ಇದೆ. ನಾನು ಅವಳ ಸೊಂಟಕ್ಕೆ..."

"ಸಾಕು. ಕೊಡು ಇಲ್ಲಿ."

ವಿನೋದಿನಿ ಎದ್ದು ನಿಂತಿದ್ದಳು. ಸುಹಾಸನ ಕೈಯಿಂದ ಹಾಳೆಗಳನ್ನು ಕಸಿದಳು. ಹರಿಯಲಿಲ್ಲ, ಎಸೆಯಲಿಲ್ಲ. ಅಂಚು ಕೂಡಿಸಿ ಮಡಚಿ ರವಿಕೆಯೊಳಗೆ ಸೇರಿಸಿಕೊಂಡಳು.

"ವಿನ್ನು, ಕೂತ್ಕೊ," ಎಂದ ಮೋನಪ್ಪ ಹಲ್ಲು ಕಚ್ಚಿ. "ಒಪ್ಪಿಗೆ ಮಾತ್ರ ಹೇಳು. ಬೇರೆ ಎಂತದೂ ಬೇಡ."

"ಒಪ್ಪಿಗೆ ಇಲ್ಲ."

ಹುಡುಗನ ಕಡೆಯ ಹಿರಿಯರು ಮೋನಪ್ಪನ ಕಡೆ ತಿರುಗಿದರು.

"ಹರಿಣಾಕ್ಷಿಗೆ ಮದುವೆ ಬೇಡ ಇತ್ತು. ಕನಸಿನಲ್ಲಿ ಹೇಳಿದ್ದಲ್ಲ. ಜೀವ ಇರುವಾಗ, ಬಾಯಿಬಿಟ್ಟು, ನನ್ನ ಎದುರು ನಿಂತು ಹೇಳಿದ್ದು. ನೀನು ಹೋಗಿ ಹೇಳು ಅಂತ ನನ್ನನ್ನು ಕೇಳಿದ್ಲು. ನಾನು ಹೇಳ್ಲಿಲ್ಲ. ಅದು ನನ್ನ ಪಾಪ, ನಾನೇ ತಿಂತೇನೆ. ಆದರೆ ಅಣ್ಣ, ನಿನಗೆ ಗೊತ್ತಿರ್ಲಿಲ್ಲ ಅಂತ ಇವರ ಎದುರು ಹೇಳ್ಬೇಡ. ಅವಳು ಮೊದಲು ಹೇಳಿದ್ದು ನಿನಗೆ. ನೀನು ಕೆನ್ನೆಗೆ ಹೊಡೆದೆ."

"ಆ ಪ್ರಾಯದಲ್ಲಿ ಎಲ್ಲ ಹುಡುಗಿಯರೂ ಬೇಡ ಬೇಡ ಅಂತಾರೆ!" ಮೋನಪ್ಪ ಕೂಗಿದ. "ಅದನ್ನೆಲ್ಲ ಯಾರಾದ್ರೂ ಲೆಕ್ಕಕ್ಕೆ ಹಿಡಿತಾರಾ? ಸತ್ತವಳನ್ನು ಅಡ್ಡ ಇಟ್ಟು ನನ್ನ ಮಗಳ ಬಾಳು ಹಾಳುಮಾಡ್ತಿ ನೀನು!"

"ನಿನ್ನ ಮಗಳ ಬಾಳಿನ ವಿಷಯ ನಿನ್ನ ಮಗಳನ್ನು ಕೇಳು. ಅಲ್ಲೇ ನಿಂತಿದ್ದಾಳೆ. ಅವಳಿಗೂ ಬಾಯುಂಟು. ಕೇಳಿದ್ಯಾ ಯಾವತ್ತಾದರೂ? ಜೋಯಿಸರನ್ನು ಕೇಳಿದೆ, ಮಷಿನ್ನನ್ನು ಕೇಳಿದೆ. ಹೆಣ್ಣುಮಕ್ಕಳನ್ನು ಬಿಟ್ಟು ಎಲ್ಲರನ್ನೂ ಕೇಳಿದೆ!"

ಅಡುಗೆಮನೆಯ ಬಾಗಿಲಲ್ಲಿದ್ದ ನಮಿತಾ ತಲೆ ತಗ್ಗಿಸಿದಳು.

ಆಗ ಸಂತುವಿನ ತಾಯಿ ನೆಲದಿಂದ ತಲೆಯೆತ್ತಿ ಕೇಳಿದರು, "ನನ್ನ ಮಗನಲ್ಲಿ ಎಂತ ಕೊರತೆ ಕಂಡಿತು ಮಗಾ?"

ಇಷ್ಟು ಹೊತ್ತು ಗಟ್ಟಿಯಾಗಿದ್ದ ವಿನೋದಿನಿಯ ದನಿ ಅಲ್ಲಿ ಒಡೆಯಿತು. ಅವರ ಎದುರು ಕೂತಳು. "ನಿಮ್ಮ ಮಗನಲ್ಲಿ ಏನೂ ಕೊರತೆ ಇಲ್ಲ ಅಮ್ಮ. ರಾಜಕುಮಾರನೇ ಬಂದಿದ್ರೂ ಅವಳು ಬೇಡ ಅನ್ನುತ್ತಿದ್ಲು. ನಿಮ್ಮನ್ನು ಇಲ್ಲಿವರೆಗೆ ಬರಿಸಿದ್ದು ನಮ್ಮ ತಪ್ಪು."

ಮುದುಕಿ ತಟ್ಟೆಯಲ್ಲಿದ್ದ ಸೀರೆಯ ಅಂಚು ಮುಟ್ಟಿದರು. "ಸೀರೆ ನಾನೇ ಆರಿಸಿದ್ದು," ಎಂದರು. "ಮೂರು ಅಂಗಡಿ ಹತ್ತಿ ಇಳಿದೆ ಈ ಕಾಲಿನಲ್ಲಿ. ನನಗೆ ನಿನ್ನ ಮೇಲೆ ಸಿಟ್ಟು ಬಂದುಂಟು, ಬರ್ಲಿಲ್ಲ ಅಂತ ಹೇಳುವುದಿಲ್ಲ." ಕುರ್ಚಿಯ ಮೇಲಿನ ಪಂಚೆ ಶಾಲನ್ನು ತೆಗೆದು ಮಡಿಲಲ್ಲಿ ಇಟ್ಟುಕೊಂಡರು. "ಆದರೆ ಒಲ್ಲದ ಹುಡುಗಿ ನನ್ನ ಮಗನಿಗೆ ಬೇಡ. ಬನ್ನಿ, ಹೋಗುವ."

ಅವರು ಹೊರಟ ಮೇಲೆ ಮೋನಪ್ಪ ಬಾಗಿಲು ತೋರಿಸಿದ. "ಇನ್ನು ಈ ಹೊಸ್ತಿಲು ತುಳಿಬೇಡ." ಅತ್ತಿಗೆ ಅಳುತ್ತಿದ್ದಳು. ವಿನೋದಿನಿ ಚಪ್ಪಲಿ ಹಾಕಿಕೊಂಡು ಮೆಟ್ಟಿಲಿಳಿದಳು. ಹೇಳಿದ ಮೇಲೆ ಹಗುರವಾಗುತ್ತದೆ ಎಂದುಕೊಂಡಿದ್ದಳು, ಆಗಲಿಲ್ಲ. ಅಣ್ಣನ ಮೇಲೆ ಸಿಟ್ಟಿತ್ತು, ತನ್ನ ಮೇಲೆ ಅದಕ್ಕಿಂತ ಹೆಚ್ಚು. ಇಷ್ಟೇ ಮಾತು, ಇಷ್ಟೇ ಹೊತ್ತು. ತಂಗಿಯ ನಿಶ್ಚಯದ ದಿನ ಇದಕ್ಕಿಂತ ಕಡಿಮೆ ಜನರಿದ್ದರು.

ಬಿಲ್ಡಿಂಗಿನ ಗೇಟಿನ ಹತ್ತಿರ ಹಿಂದಿನಿಂದ ಓಡಿ ಬರುವ ಸದ್ದು ಕೇಳಿಸಿತು. ಸುಹಾಸ. ಏದುಸಿರು ಬಿಡುತ್ತಿದ್ದ.

"ಅತ್ತೆ, ಸಾರಿ. ನಾನು..."

"ಫೋನು ತೆಗಿ. ನಿನ್ನದು. ನನ್ನ ಎದುರಿಗೆ ಅಳಿಸು."

ಅವನು ತೆಗೆದ. ಅವನ ಹೆಬ್ಬೆರಳು ಎಲ್ಲೆಲ್ಲಿ ಒತ್ತುತ್ತದೆ ಎಂದು ಅವಳು ಒಂದೊಂದಾಗಿ ನೋಡಿದಳು. ಪಟ್ಟಿಯಿಂದ ಮದುವೆಯ ಮಾತುಕತೆ ಹೋಯಿತು. 'ತಂಗಿಯ ಕನಸುಗಳು' ಬಂದಾಗ ಅವನು ತಡೆದ.

"ಅತ್ತೆ, ಇದನ್ನು ತೆಗೆದ್ರೆ ನಿಮ್ಮ ಫೋನಿನಿಂದಲೂ ಹೋಗ್ತದೆ. ಪೂರಾ. ವಾಪಸ್ ಬರುವುದಿಲ್ಲ."

"ತೆಗಿ. ನನಗೆ ಎಲ್ಲ ನೆನಪುಂಟು."

ತೆಗೆದ. ಆಮೇಲೆ ಮೆಲ್ಲನೆ ಕೇಳಿದ, "ನಿಮ್ಮ ನಂಬರಿನಲ್ಲೇ ಬೇರೆ ಲಾಗಿನ್ ಮಾಡಿ ಕೊಡ್ಲಾ? ಅದು ಯಾರಿಗೂ ಕಾಣುವುದಿಲ್ಲ. ಅಭೀ ಮಾಡ್ತೇನೆ, ದೋ ಮಿನಿಟ್."

"ಬೇಕು," ಎಂದಳು ವಿನೋದಿನಿ. "ಆದರೆ ನೀನು ಮಾಡುವುದು ಬೇಡ. ಹೇಗೆ ಮಾಡುವುದು ಅಂತ ಹೇಳಿಕೊಡು. ಪಾಸ್‌ವರ್ಡ್ ಹಾಕುವಾಗ ಆ ಕಡೆ ತಿರುಗಿ ನಿಲ್ಲು."

ಸುಹಾಸ ವಾಚ್‌ಮನ್ನನ ಕುರ್ಚಿಯ ಹತ್ತಿರ ರಸ್ತೆಯ ಕಡೆ ಮುಖ ತಿರುಗಿಸಿ ನಿಂತ. ಅವಳು ಒಂದೊಂದೇ ಅಕ್ಷರ ಹುಡುಕಿ ಒತ್ತತೊಡಗಿದಳು.